ಸುಳ್ಳು ಗಂಟೆ

"ನಾನು ಈ ಕುರ್ಚಿಯಲ್ಲಿ ಕೂತಿರೋವರೆಗೂ ಈ ಊರಲ್ಲಿ ಒಬ್ಬರೂ ಲಿಫ್ಟಿನೊಳಗೆ ಒಂಟಿಯಾಗಿ ಸಿಕ್ಕಿಹಾಕಿಕೊಳ್ಳಲ್ಲ, ತಿಳೀತಾ?" ಎನ್ನುತ್ತಿದ್ದಳು ಗಂಟೆ ಅತ್ತೆ. ಲಿಫ್ಟ್ ರಿಪೇರಿ ಕಂಪನಿಯಲ್ಲಿ ತುರ್ತು ಗಂಟೆಗಳಿಗೆ ಉತ್ತರ ಕೊಡುವುದು ಅವಳ ಕೆಲಸ. ಒಳಗೆ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತಿದರೆ ಗಂಟೆ ನೇರ ಅವಳ ಕಿವಿಗೆ ಬಂದು ಬೀಳುತ್ತಿತ್ತು. ಆ ಕಿವಿಯೋ, ಗುಂಡಿ ಒತ್ತೋಣವೇ ಎಂದು ಯಾರಾದರೂ ಯೋಚಿಸಿದರೂ ನೆಟ್ಟಗಾಗುವಂಥದ್ದು. ಗಂಟಲಂತೂ, ಮಹಡಿಗಳ ನಡುವೆ ಮೊಂಡು ಹಿಡಿದು ನಿಂತ ಲಿಫ್ಟನ್ನು ಬರೀ ಗದರಿಸಿಯೇ ಕೆಳಗಿಳಿಸುವಂಥದ್ದು ಎಂದು ಮೆಕ್ಯಾನಿಕ್‌ಗಳು ಆಣೆ ಮಾಡಿ ಹೇಳುತ್ತಿದ್ದರು. ಸ್ವಂತಕ್ಕೆ ಸೊಸೆಯಿಲ್ಲದಿದ್ದರೂ ಅವಳು ಇಡೀ ಆಫೀಸಿಗೆ ಅತ್ತೆ. ಎಲ್ಲರ ವ್ಯವಹಾರದಲ್ಲೂ ಮೂಗು ತೂರಿಸುವ ಹಕ್ಕು ಆ ಹೆಸರಿನ ಜೊತೆಗೇ ಬಂದಿತ್ತು.

ಆಮೇಲೆ ಭಾರೀ ಕಂಪನಿಯೊಂದರ ಹೊಸ ಕೃತಕ ಬುದ್ಧಿಯ ಯಂತ್ರ ಬಂತು. ಪರದೆಯ ಮೇಲೆ ಅತ್ತೆ ಏನೇನು ಮಾಡುತ್ತಾಳೆಂದು ಅದು ಕೆಲ ವಾರ ಕಣ್ಣು ಮಿಟುಕಿಸದೆ ನೋಡಿತು. ನೋಡಿ ಕಲಿತು, ತಾನೇ ಮಾಡತೊಡಗಿತು. ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾದ. ಇನ್ನು ಬೈಗುಳ ತಿನ್ನಬೇಕಿಲ್ಲವೆಂದು ಮೆಕ್ಯಾನಿಕ್‌ಗಳು ಬಿಟ್ಟ ನಿಟ್ಟುಸಿರಿಗೆ ಕಿಟಕಿಗಳು ತೆರೆದುಕೊಂಡವು. ಲೆಕ್ಕ ಬರೆಯುವ ಅಕ್ಕ ಮಾತ್ರ "ನಾಳೆ ನನ್ನ ಸರದಿ" ಎಂದು ಮುಖ ಸಣ್ಣ ಮಾಡಿಕೊಂಡಳು. ಯಂತ್ರ ಪಳಗುವವರೆಗೆ ಪಕ್ಕದಲ್ಲಿ ಕೂತು ನೋಡುವುದಷ್ಟೇ ಅತ್ತೆಯ ಪಾಲಿಗೆ ಉಳಿಯಿತು.

ನೋಡುವುದೇ ಕಷ್ಟವಾಯಿತು. ಪರದೆಯ ಮೇಲೆ ಯಾವುದನ್ನೇ ಒತ್ತುವ ಮುಂಚೆ ಮೌಸಿನ ಬಾಣದ ಗುರುತನ್ನು ಅದರ ಸುತ್ತ ಒಮ್ಮೆ ತಿರುಗಿಸುವುದು ಅವಳ ಚಾಳಿ. ಈಗ ಅವಳ ಕೈ ಮಡಿಲಲ್ಲಿತ್ತು. ಪರದೆಯ ಮೇಲೆ ಬಾಣ ತಾನಾಗಿ ಬಂದು, ಒಂದು ಸುತ್ತು ತಿರುಗಿ, ಒತ್ತುತ್ತಿತ್ತು. ಅಂಗೈಗಳನ್ನು ತೊಡೆಯ ಕೆಳಗೆ ಹಾಕಿ ಅದುಮಿಕೊಂಡು ಕೂತಳು. ಬಾಣ ನಿಲ್ಲಲಿಲ್ಲ. ಮನೆಗೆ ಹೋಗಿ ಪಾತ್ರೆ ತೊಳೆಯುವಾಗಲೂ ಬೆರಳುಗಳು ಯಾರದ್ದೋ ಎನಿಸುತ್ತಿದ್ದವು.

ಹಳೆಯ ಕಟ್ಟಡವೊಂದರ ಮೇಲ್ಮಹಡಿಯಲ್ಲಿ ಒಬ್ಬ ಮುದಿ ದರ್ಜಿಯಿದ್ದ. ಲಿಫ್ಟ್ ಹತ್ತಿದಾಗಲೆಲ್ಲ ಸುಮ್ಮಸುಮ್ಮನೆ ಕೆಂಪು ಗುಂಡಿ ಒತ್ತಿ, ಕೆಳಗಿಳಿಯುವಷ್ಟು ಹೊತ್ತು ಅತ್ತೆಯ ಜೊತೆ ಹರಟುತ್ತಿದ್ದ. "ಏನು ಮಗಳೇ, ಗಂಟಲು ಹರಿದುಹೋಗಿದೆ ಇವತ್ತು? ಬಾ, ಎರಡು ಹೊಲಿಗೆ ಹಾಕ್ತೀನಿ." "ಮೊದಲು ನಿಮ್ಮ ಬಾಯಿಗೆ ಗುಂಡಿ ಹೊಲೀರಿ ತಾತ!" ಹೀಗೆ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮಾತು ಮುಗಿದ ಮೇಲೆ ಅತ್ತೆ ಬಾಣವನ್ನು ಒಂದು ಸುತ್ತು ತಿರುಗಿಸಿ 'ಸುಳ್ಳು ಗಂಟೆ' ಎಂದು ಒತ್ತಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಆ ಕಟ್ಟಡದ ಹೆಸರು ಪರದೆಯಲ್ಲಿ ಮಿನುಗಿತು. 'ನಿಮ್ಮ ಕರೆ ಸ್ವೀಕರಿಸಲಾಗಿದೆ, ಧನ್ಯವಾದ' ಎಂದಿತು ಯಂತ್ರದ ಜೇನುದನಿ. ಬಾಣ ಸುತ್ತಿತು, ಒತ್ತಿತು: ಸುಳ್ಳು ಗಂಟೆ. ಮತ್ತೆ ಮಿನುಗಿತು. ಧನ್ಯವಾದ. ಸುಳ್ಳು ಗಂಟೆ. ಮತ್ತೆ. ಮತ್ತೆ.

ಅತ್ತೆ ದಡಕ್ಕನೆ ಎದ್ದಳು. ಯಂತ್ರ ಕೂರಿಸಲು ಬಂದಿದ್ದ ಹುಡುಗಿಯ ಕಡೆ ತಿರುಗಿದಳು. "ಏ ಹುಡುಗಿ, ತಾತ ಇಷ್ಟು ಸಲ ಒತ್ತಲ್ಲ. ಆ ಕರೆ ನನಗೆ ಕೊಡು!"

"ಅಲ್ಲಿಂದ ಬರೋದೆಲ್ಲ ಸುಳ್ಳು ಅತ್ತೆ. ನೀವೇ ಕಲಿಸಿದ್ದು. ಪ್ರತಿ ಸಲ ಹಾಗೇ ಒತ್ತಿದ್ದೀರಲ್ಲ."

"ಮಾತಾಡಿ ಒತ್ತಿದ್ದೆ ಕಣೇ!"

"ಮಾತು ಪರದೆ ಮೇಲೆ ಕಾಣಲ್ಲ ಅತ್ತೆ..." ಎನ್ನುತ್ತಲೇ ಹುಡುಗಿಯ ಮುಖ ಬಿಳಿಚಿತು. ಅವಳು ಯಂತ್ರವನ್ನು ತಡೆದು ಕರೆಯನ್ನು ಅತ್ತೆಗೆ ತಿರುಗಿಸುವಷ್ಟರಲ್ಲಿ ಗಂಟೆ ನಿಂತೇಹೋಗಿತ್ತು. ಅದು ಬಡಿದುಕೊಳ್ಳುತ್ತಿದ್ದುದಕ್ಕಿಂತ ನಿಂತದ್ದೇ ಭಯಂಕರವಾಗಿತ್ತು.

ಎದುರಿಗೆ ಸಿಕ್ಕ ಮೆಕ್ಯಾನಿಕ್‌ನ ಬೈಕ್ ಹತ್ತಿ ಅತ್ತೆ ಹೊರಟಳು. ಜನ್ಮದಲ್ಲಿ ಬೈಕ್ ಹತ್ತಿದವಳಲ್ಲ. ಆವತ್ತು ಬೈಕೇ ಅವಳಿಗೆ ಹೆದರಿ ಓಡಿತು. ಕಟ್ಟಡದ ನಡುಮಹಡಿಯ ಕತ್ತಲ ಓಣಿಯಲ್ಲಿ, ಮುಚ್ಚಿದ ಲಿಫ್ಟ್ ಬಾಗಿಲ ಸಂದಿಗೆ ಬಾಯಿಟ್ಟು "ತಾತಾ!" ಎಂದು ಕೂಗಿದಳು. ಅವಳ ಕೂಗೇ ಬಾವಿಯಂಥ ಆ ಗೂಡಿನೊಳಗೆ ಇಳಿದುಹೋಗಿ, ಇನ್ನಾರದೋ ಕೂಗಿನಂತೆ ಮೇಲೆ ಬಂತು.

ಮೆಕ್ಯಾನಿಕ್ ಸಲಾಕೆ ಹಾಕಿ ಬಾಗಿಲು ಸರಿಸಿದ. ದರ್ಜಿ ಮೂಲೆಯಲ್ಲಿ ಕುಸಿದು ಕೂತಿದ್ದ. ಕಣ್ಣು ಮುಚ್ಚಿತ್ತು, ತೋರುಬೆರಳು ಮಾತ್ರ ಇನ್ನೂ ಚಾಚಿಕೊಂಡೇ ಇತ್ತು. ಹೊರಗೆಳೆದು ಮುಖಕ್ಕೆ ನೀರು ಚಿಮುಕಿಸಿದಾಗ ಉಸಿರು ಜೋರಾಯಿತು, ರೆಪ್ಪೆ ಅಲುಗಿತು. ಅತ್ತೆ ಅವನ ತಲೆಯನ್ನು ತನ್ನ ಮೊಣಕಾಲಿಗೆ ಆನಿಸಿಕೊಂಡಳು. ಯಂತ್ರಕ್ಕೆ 'ಸುಳ್ಳು ಗಂಟೆ' ಕಲಿಸಿದ ತನ್ನ ಕೈ ಅವನಿಗೆ ತಾಗದಂತೆ ಹಿಂದಕ್ಕೆ ಹಿಡಿದಿದ್ದಳು.

ಯಾರೋ ನೆರೆಯವಳೆಂದುಕೊಂಡು ಅವನು ನಿಧಾನವಾಗಿ ಹೇಳಿದ: "ಅಲ್ಲೊಬ್ಬಳು ಇದ್ದಳಮ್ಮ, ಬಾಯಿಬಡುಕಿ. ಇವತ್ತು ಎಷ್ಟು ಒತ್ತಿದರೂ ಬೇರೆ ಯಾರೋ ಬಂದು ಧನ್ಯವಾದ, ಧನ್ಯವಾದ ಅಂದು ಇಟ್ಟುಬಿಡ್ತಾರೆ. ತೀರಿಕೊಂಡಳೋ ಏನೋ, ಪಾಪ."

"ನಾನಿಲ್ಲೇ ಇದ್ದೀನಿ ತಾತ," ಎಂದಳು ಅತ್ತೆ. "ತೀರಿಕೊಂಡವಳು ಅಲ್ಲಿ ನನ್ನ ಕುರ್ಚಿಯಲ್ಲಿ ಕೂತು ಕೆಲಸ ಮಾಡ್ತಿದ್ದಾಳೆ."