ಅರಿಶಿನದ ಕಲೆ

ನಮ್ಮ ಕಣ್ಣೂರಿನ ಓಣಿಗಳಲ್ಲಿ ಮಳೆಗಾಲದ ಓದಿನ ವಾರ ಬಂತೆಂದರೆ, ವಾಚನಾಲಯದ ಪುಸ್ತಕ ಹೊತ್ತು ಮನೆಮನೆ ತಿರುಗುವ ಕಾರ್ತ್ಯಾಯಿನಿ ಚೇಚಿಯ, ಅಂದರೆ ಊರಿಗೆಲ್ಲ ಅಕ್ಕನಾದವಳ, ಬೈಗುಳ ಅವಳ ಕೊಡೆಗಿಂತ ಮೊದಲೇ ಅಂಗಳಕ್ಕೆ ಬರುತ್ತದೆ. "ಪುಸ್ತಕಾನ ಮೀನು ಸಾರಿಗೆ ಹಾಕಿ ಕುದಿಸಿದ್ಯೇನೇ? ಹಾಳೆ ತುಂಬಾ ಅರಿಶಿನ!" ಎಂದು ಹಾರಾಡುತ್ತಲೇ ಮುಂದಿನ ಪುಸ್ತಕವನ್ನು ಕೈಗಿಡುತ್ತಾಳೆ. ವಾಚನಾಲಯದ ಬೆಂಚು ಗಂಡಸರದು. ಹೆಂಗಸರು ಓದುವುದು ಒಲೆಯ ಮುಂದೆ, ಸೌಟು ಹಿಡಿದ ಕೈಯಲ್ಲೇ. ಮೊನ್ನೆ ಹೊಸ ಸೊಸೆ ಪ್ರಸೀದಾ ತಲೆ ತಗ್ಗಿಸಿ ಮರಳಿಸಿದ ಪುಸ್ತಕದಲ್ಲಿ ಒಂದು ಕಲೆಯೂ ಇರಲಿಲ್ಲ. ಹಾಳೆ ತಿರುವಿ ತಿರುವಿ ನೋಡಿದ ಚೇಚಿ ಅವಳನ್ನು ಬೈಯಲೇ ಇಲ್ಲ. ಜಗಲಿಯಲ್ಲಿ ಪೇಪರ್ ಹರಡಿಕೊಂಡು ಕೂತಿದ್ದ ಪ್ರಸೀದಾಳ ಗಂಡನತ್ತ ತಿರುಗಿದಳು: "ಏನೋ ಬಿಜೀಶಾ, ಹುಡುಗಿಗೆ ಓದೋಕೆ ಬಿಡದೆ ಪುಸ್ತಕ ಬೀರೂಲಿಟ್ಟು ಬೀಗ ಹಾಕಿದ್ದು ನೀನೋ, ನಿನ್ನಮ್ಮನೋ?"