ನೊರೆ ಇಳಿಯುವವರೆಗೆ
ಶಿಡ್ಲಘಟ್ಟದ ನಮ್ಮ ಬೀದಿಯ ಬಿಸ್ಮಿಲ್ಲಾ ಬೀಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ರೇಷನ್ ಅಂಗಡಿಯವನು ಸೀಮೆಎಣ್ಣೆಯನ್ನು ಜೋರಾಗಿ ಪಂಪು ಹೊಡೆದು, ಅಳತೆಯ ಡಬ್ಬದಲ್ಲಿ ನೊರೆ ಉಕ್ಕಿ ತುಂಬಿದಂತೆ ಕಂಡ ಕೂಡಲೇ ನಮ್ಮ ಕ್ಯಾನಿಗೆ ಬಗ್ಗಿಸಿಬಿಡುತ್ತಾನೆ. ಅವಳು ಮಾತ್ರ ಡಬ್ಬಕ್ಕೆ ಅಂಗೈ ಅಡ್ಡ ಹಿಡಿದು, "ನೊರೆ ಇಳೀಲಿ ಕಣಪ್ಪ, ನಂಗೇನು ರೈಲು ಹಿಡಿಯೋದೈತಾ?" ಅನ್ನುತ್ತಾಳೆ. ಹಿಂದಿನ ಸಾಲೆಲ್ಲ ಬೈದರೂ, ಮಸೀದಿಯಲ್ಲಿ ಆಜಾನ್ ಕೂಗಿ ಮುಗಿದರೂ ಆ ಅಂಗೈ ಕದಲುವುದಿಲ್ಲ. ಅವಳ ಸ್ಟೌವ್ ತಿಂಗಳ ಕೊನೆಯವರೆಗೂ ಉರಿಯುತ್ತದೆ. ನನ್ನದು ಇಪ್ಪತ್ತನೇ ತಾರೀಖಿಗೇ ತಣ್ಣಗಾಗುತ್ತದೆ. "ಬಿಸ್ಮಿಲ್ಲಾ ಬೀನ ನೋಡಿ ಕಲೀಬಾರ್ದೇನೇ?" ಎಂದು ನಮ್ಮ ಯಜಮಾನರು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಾರೆ. ಮೊನ್ನೆ ಸಾಲಿನಲ್ಲೇ ಕೇಳಿಬಿಟ್ಟೆ: "ಈ ಪಾಠ ಯಾರು ಹೇಳ್ಕೊಟ್ರು ನಿಮ್ಗೆ?" ಅವಳು ದನಿ ತಗ್ಗಿಸಲೂ ಇಲ್ಲ. "ನಮ್ಮನೆಯವ್ರು ಇದೇ ಅಂಗಡೀಲಿ ಹತ್ತು ವರ್ಷ ಅಳೆದವ್ರು, ಶ್ಯಾಮಲಮ್ಮ. ನಿಮ್ಮ ಕ್ಯಾನಿಗೂ ನೊರೇನೇ ಹಾಕವ್ರೆ. ಸಾಯೋವಾಗ ಹೇಳಿದ್ರು." ಅಷ್ಟರಲ್ಲಿ ನನ್ನ ಸರದಿ ಬಂತು. ತನ್ನ ತುಂಬಿದ ಕ್ಯಾನು ಕೆಳಗಿಟ್ಟು, ನನ್ನ ಅಳತೆಗೂ ಅಂಗೈ ಅಡ್ಡ ಹಿಡಿದು ನಿಂತಳು. ನೊರೆ ಇಳಿಯಿತು, ಹೊಟ್ಟೆಕಿಚ್ಚು ಇಳಿಯಲಿಲ್ಲ; ನಾನಾಗಿದ್ದರೆ ಸತ್ತ ಗಂಡನ ತಪ್ಪನ್ನು ಹೀಗೆ ಸಾಲಿನಲ್ಲಿ ನಿಂತು ಒಪ್ಪಿಕೊಳ್ಳುತ್ತಿರಲಿಲ್ಲ.