ಓಡುತ್ತಾ ಹೇಳಿದ ಸುಳ್ಳುಗಳು

ಮೊನ್ನೆ ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಬೂಟಿನ ಡಬ್ಬಿ ತೆರೆದಾಗ ಹೊಸ ಕ್ಯಾನ್ವಾಸಿನ, ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಡ್ರಿಲ್ ಮಾಸ್ತರು ನೆನಪಾದರು... ಬಿಳಿ ಕ್ಯಾನ್ವಾಸ್ ಬಿಟ್ಟು ಬೇರೆ ಬೂಟು ಅವರ ಕಾಲಲ್ಲಿ ನಾನು ಕಂಡದ್ದಿಲ್ಲ.

ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ಅವರದು ಹಿಂದಿನ ಓಣಿ. ಶಾಲೆಯಿಂದ ನಿವೃತ್ತರಾಗಿದ್ದರು. ನನಗೆ ಆಗಷ್ಟೇ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. ಇಳಿಯದಿದ್ದರೆ ಮುಂದೆ ದಿನಾ ಸೂಜಿಯೇ ಎಂದಿದ್ದರು ಡಾಕ್ಟರು. ಸೂಜಿ ಎಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ದಿನಾ ಬೆಳಿಗ್ಗೆ ಓಡುವುದೆಂದು ನಿಶ್ಚಯಿಸಿದೆ. ಹೈಸ್ಕೂಲಿನಲ್ಲಿ ಓಟ ಗೆದ್ದ ಜಂಬ ಬೇರೆ ಉಳಿದಿತ್ತಲ್ಲ, ಮೊದಲ ದಿನವೇ ಜೋರಾಗಿ ಓಡಿ, ಓಣಿ ದಾಟುವುದರೊಳಗೆ ಏದುಸಿರು ಬಿಡುತ್ತಾ ಕಟ್ಟೆಯ ಮೇಲೆ ಕುಸಿದೆ. ಎದುರಿಂದ ಮಾಸ್ತರು ಬರುತ್ತಿದ್ದರು.

"ಅಷ್ಟ್ ಜೋರ್ ಯಾಕ ಓಡ್ತಿಯವಾ? ಮಾತಾಡ್ಕೋತ ಓಡು. ಮಾತಿಗೆ ಉಸಿರು ಸಾಲಲಿಲ್ಲಂದ್ರ ನಡಿ. ಉಸಿರು ಬಂದ ಮ್ಯಾಲ ಮತ್ತ ಓಡು."

ಮರುದಿನದಿಂದ ತಾವೇ ಜೊತೆಗೆ ಬರತೊಡಗಿದರು. ಪುಕ್ಕಟೆ ಉಪಕಾರವೆಂದರೆ ನನಗೆ ಮೊದಲಿಂದಲೂ ಅನುಮಾನ. ಮನೆಯಲ್ಲಿ ನನ್ನನ್ನು ಸಂಶಯ ಪಿಶಾಚಿ ಎಂದೇ ಕರೆಯುತ್ತಾರೆ. ಅದರ ಮೇಲೆ ಅವರ ಪ್ರಶ್ನೆಗಳು! ಹೊಲ ಎಲ್ಲೈತಿ, ಅಣ್ಣತಮ್ಮಂದಿರ ಪಾಲು ಆಗೈತೇನು, ಮನ್ಯಾಗ ಲಗ್ನಕ್ಕ ಯಾರದಾರ... ಇವರು ಜಮೀನಿನ ದಲ್ಲಾಳಿಯೋ? ಯಾವನೋ ದಂಡಪಿಂಡನಿಗೆ ಹೆಣ್ಣು ಹುಡುಕುತ್ತಿದ್ದಾರೋ?

ನಾನೇನು ಕಮ್ಮಿಯೇ? ಒಂದೂ ನಿಜ ಹೇಳಲಿಲ್ಲ. ಬಬಲೇಶ್ವರದ ನಮ್ಮ ಜೋಳದ ಹೊಲವನ್ನು ತಿಕೋಟಾದ ದ್ರಾಕ್ಷಿ ತೋಟ ಮಾಡಿದೆ. ಇಲ್ಲದ ತಂಗಿಯೊಬ್ಬಳನ್ನು ಹುಟ್ಟಿಸಿ, ಬಂದ ವರಗಳನ್ನೆಲ್ಲ ಅವಳಿಂದ ಒಲ್ಲೆ ಅನ್ನಿಸಿದೆ. ನಿನ್ನೆಯ ಸುಳ್ಳಿಗೆ ಇವತ್ತಿನದು ಹೊಂದಬೇಕು. ಆ ತಲೆಬಿಸಿಯಲ್ಲಿ ಕಾಲು ನೋಯುವುದೇ ಮರೆತುಹೋಗುತ್ತಿತ್ತು.

ಒಂದು ಬೆಳಿಗ್ಗೆ, ಕೊನೆಗೂ ಒಬ್ಬನನ್ನು ಒಪ್ಪಿದ ತಂಗಿಯ ನಿಶ್ಚಯದ ಸಂಗತಿ ಹೇಳುತ್ತಿದ್ದೆ. ಸೀರೆಯ ವಿಷಯಕ್ಕೆ ಜಗಳವಾಗಿ, ಬೀಗರು ಊಟ ಬಿಟ್ಟು ಎದ್ದು ನಿಂತರು ಎನ್ನುವಷ್ಟರಲ್ಲಿ ನಾವು ದಿನಾ ಹಿಂತಿರುಗುವ ಪೆಟ್ರೋಲ್ ಬಂಕ್ ಬಂದುಬಿಟ್ಟಿತು. ಅಲ್ಲಿಯವರೆಗೆ ನಾನು ನಡುವೆ ಎಲ್ಲೂ ನಡೆಯದೆ ಓಡಿಯೇ ಬಂದದ್ದು ಅದೇ ಮೊದಲು.

ಮಾಸ್ತರು ನಿಂತು ನಕ್ಕರು. "ಇವತ್ತ ಎಲ್ಲೂ ನಡೀಲಿಲ್ಲ ನೋಡು. ನೀ ಹೇಳೂದ್ರಾಗ ಒಂದೂ ಖರೇ ಇಲ್ಲಂತ ನನಗ ಗೊತ್ತೈತಿ ಬಿಡು. ಸುಳ್ಳು ಹೇಳಾಕ ಉಸಿರು ಜಾಸ್ತಿ ಬೇಕು. ಛಲೋನ ಆತು."

ಸಿಕ್ಕಿಬಿದ್ದ ನಾಚಿಕೆಗಿಂತ ಅನುಮಾನವೇ ಹೆಚ್ಚಾಯಿತು. "ಗೊತ್ತಿದ್ದೂ ಯಾಕ ಕೇಳ್ತೀರಿ ಮಾಸ್ತರ?" ಎಂದೆ.

"ನಿನ್ನ ದಮ್ ನೋಡಾಕ."

ಅದನ್ನೂ ನಾನು ನಂಬಲಿಲ್ಲ.

ನನ್ನ ಸಕ್ಕರೆ ಇಳಿಯಿತು, ಸೂಜಿ ತಪ್ಪಿತು. ಆದರೆ ಆ ಬೆಳಗಿನ ಮಾತು ಅಷ್ಟಕ್ಕೇ ನಿಂತಿತು. ಬಂಕ್ ಮುಟ್ಟಿದ ವಾರವೇ ಮಾಸ್ತರು ಮಲಗಿದಲ್ಲೇ ಹೋಗಿಬಿಟ್ಟರು...

ಮನೆಯವರನ್ನು ಮಾತಾಡಿಸಿಕೊಂಡು ಬರಲು ಹೋದೆ. ಅವರ ಹೊಸ್ತಿಲು ತುಳಿದದ್ದು ಅದೇ ಮೊದಲು. ಆಗಲೂ ನನ್ನ ಬುದ್ಧಿ ಬಿಡಲಿಲ್ಲ. ಅವರಿಗೆ ನನ್ನಿಂದ ಏನು ಬೇಕಾಗಿತ್ತೆಂದು ಈಗಲಾದರೂ ತಿಳಿದೀತು ಎಂದು ಕಿವಿ ನಿಮಿರಿಸಿ ಕೂತಿದ್ದೆ. ಮಂಚದ ಮೇಲೆ ಅವರ ಹೆಂಡತಿ ಇದ್ದರು, ಓಣಿಯ ಮಂದಿಗೆಲ್ಲ ಕಾಕು. ಲಕ್ವಾ ಹೊಡೆದು, ಹೊರಗಿನ ಬಿಸಿಲು ಕಂಡು ವರ್ಷಗಳೇ ಆಗಿದ್ದವಂತೆ. ಮಾಸ್ತರು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಕಾಕು ನನ್ನ ಕೈ ಹಿಡಿದುಕೊಂಡರು.

"ದ್ರಾಕ್ಷಿ ತೋಟದಾಕಿ ನೀನ ಏನವಾ? ನೀ ಹೇಳಿದ್ದೆಲ್ಲಾ ದಿನಾ ಬಂದು ಚಾ ಕುಡ್ಕೋತ ನನಗ ಹೇಳ್ತಿದ್ರು. ಇಬ್ರೂ ಹೊಟ್ಟಿ ಹಿಡ್ಕೊಂಡು ನಗ್ತಿದ್ವಿ."

ಅಂದರೆ ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಅವರಿಗೆ ನನ್ನಿಂದ ಬೇಕಾದದ್ದೊಂದು ಇದ್ದೇ ಇತ್ತು. 

ಈಗ ಬಂಕ್ ದಾಟಿ ಓಡುತ್ತೇನೆ, ಒಬ್ಬಳೇ. ಉಸಿರು ಸಾಕಷ್ಟಿದೆ, ಕೇಳುವವರಿಲ್ಲ. ಮಾಸ್ತರಿಲ್ಲದ ಬೆಳಗು ಇನ್ನೂ ರೂಢಿಯಾಗಿಲ್ಲ. ಓಟ ಮುಗಿಸಿ ನೇರ ಹಿಂದಿನ ಓಣಿಗೆ ಹೋಗುತ್ತೇನೆ. ಚಹಾದ ಕಪ್ಪು ಕೈಗೆ ಬರುವ ಮೊದಲೇ ಕಾಕು ಕೇಳುತ್ತಾರೆ:

"ಮುಂದ ಏನಾತವಾ ನಿನ್ನ ತಂಗೀದು?"